ಸೊಲ್ಲಿನ ಜಾಗ

ಈಗ ಹಾಡುವ ಹುಡುಗನೋ ಹುಡುಗಿಯೋ ಒಬ್ಬರಿದ್ದರೆ, ಹಿಂದೆ ಫೋನ್ ಹಿಡಿದುಕೊಂಡು ಓಡಾಡುವ ಅಣ್ಣನೋ ಮಾವನೋ ಒಬ್ಬ ಇರುತ್ತಾನೆ. ಡೇಟು ಕೊಡುವವನು ಅವನು, ಅಡ್ವಾನ್ಸ್ ಕೇಳುವವನು ಅವನು, ಯೂಟ್ಯೂಬಿಗೆ ಹಾಕುವವನು ಅವನು. ವೇದಿಕೆಯ ಮೇಲೆ ಅವನ ಹೆಸರು ಹೇಳುವುದಿಲ್ಲ. ಮೈಕು ಕೂಗಿದಾಗ, ಊಟ ತಡವಾದಾಗ ಮಾತ್ರ ಅವನನ್ನು ಹುಡುಕುತ್ತಾರೆ. ಕೊಳ್ಳೇಗಾಲದ ಸುತ್ತಮುತ್ತ ಆ ಕೆಲಸವನ್ನು ನಾನು ಬಹಳ ವರ್ಷ ಮಾಡಿದೆ. ಈಗ ಬಿಟ್ಟಿದ್ದೇನೆ. ಹೊಸಬರು ಕೆಲವರು ಹುಡುಕಿಕೊಂಡು ಬಂದು ಹೇಗೆ ಮಾಡಬೇಕು ಎಂದು ಕೇಳುತ್ತಾರೆ. ನನ್ನ ಓದು ಐದನೇ ತರಗತಿಗೆ ನಿಂತಿತು. ಪಾಠ ಹೇಳಲು ಬರುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ. ಸರಿ ಮಾಡಿದ್ದಕ್ಕಿಂತ ಕೆಡಿಸಿದ್ದೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು.

ನಾವು ಮೂವರು ಮಕ್ಕಳು. ನಾನು ನಿಂಗರಾಜು, ದೊಡ್ಡವನು. ನಂತರ ತಮ್ಮ ಸಿದ್ದರಾಜು. ಕಿರಿಯಳು ತಂಗಿ ರಾಜಮ್ಮ. ಊರು ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಅಪ್ಪ ತಂಬೂರಿ ಹಿಡಿದು ಊರೂರಿಗೆ ಹೋಗಿ ಕತೆ ಹಾಡುತ್ತಿದ್ದ.

ಈ ಹಾಡಿಕೆ ಒಬ್ಬರಿಂದ ಆಗುವುದಲ್ಲ. ಮುಂದೆ ಕೂತವನು ಕತೆಯ ಒಂದು ಸಾಲು ಹೇಳುತ್ತಾನೆ. ಹಿಂದೆ ಕೂತವರು ಪ್ರತಿ ಸಾಲಿಗೂ ಅದೇ ಪಲ್ಲವಿಯನ್ನು ಎತ್ತಿ ಹೇಳುತ್ತಾರೆ. ಅದನ್ನು ಸೊಲ್ಲು ಎನ್ನುತ್ತೇವೆ. ಕತೆ ಹಾಡಿನಿಂದ ಮಾತಿಗೆ ಇಳಿದಾಗ, ಹಿಂದಿನವರೇ "ಹೂಂ", "ಅದ್ಯಾಕೆ?", "ಆಮೇಲೆ?" ಎಂದು ಕೇಳಿ ಕತೆಯನ್ನು ಮುಂದಕ್ಕೆ ನಡೆಸುತ್ತಾರೆ. ಅಪ್ಪನಿಗೆ ಅವ್ವ ಸೊಲ್ಲು ಕೊಡುತ್ತಿದ್ದಳು. ಅವರ ಕಾಲ ಮುಗಿದ ಮೇಲೆ ಸಿದ್ದನಿಗೆ ರಾಜಮ್ಮ ಕೊಟ್ಟಳು. ನನಗೆ ಗಂಟಲಿರಲಿಲ್ಲ. ಚಿಕ್ಕವನಾಗಿದ್ದಾಗ ಒಮ್ಮೆ ನಾನೂ ಸೊಲ್ಲಿಗೆ ಸೇರಿಕೊಂಡೆ. ಅಪ್ಪ ಹಾಡು ನಿಲ್ಲಿಸಲಿಲ್ಲ. ಕತೆಯ ಧಾಟಿಯಲ್ಲೇ, "ದೊಡ್ಡ ಮಗನೇ, ನೀನೆದ್ದು ಎಮ್ಮೆಗೆ ನೀರಿಡೋ" ಎಂದು ಒಂದು ಸಾಲು ಹಾಡಿಬಿಟ್ಟ. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವ ಆ ಸಾಲಿಗೂ ಸೊಲ್ಲು ಕೊಟ್ಟಳು. ನಾನು ಎದ್ದು ಹೋಗಿ ಎಮ್ಮೆಗೆ ನೀರಿಟ್ಟೆ.

ದೊಡ್ಡವನಾದ ಮೇಲೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕೂಗುವ ಕೆಲಸಕ್ಕೆ ನಿಂತೆ. ಆ ಕೆಲಸಕ್ಕೆ ನನ್ನ ಗಂಟಲು ಸಾಕಿತ್ತು. ಎಲ್ಲ ಊರಿನವರೂ ಪರಿಚಯ. "ನಿಮ್ಮ ತಮ್ಮನ್ನ ನಮ್ಮೂರ್ಗೆ ಕಳ್ಸಪ್ಪ" ಎಂದು ನನ್ನ ಹತ್ತಿರವೇ ಬಂದು ಹೇಳುತ್ತಿದ್ದರು. ಹೀಗೆ ಡೇಟು ಕೊಡುವ ಅಧಿಕಾರ ಕೇಳದೆಯೇ ನನ್ನ ಕೈಗೆ ಬಂತು.

ಮೊದಲ ದೊಡ್ಡ ಎಡವಟ್ಟು ಬಂಡಳ್ಳಿಯದು. ಅಲ್ಲಿಯ ಯಜಮಾನರೊಬ್ಬರು ಬಂದು ಎಲೆ ಅಡಿಕೆ ಕೊಟ್ಟು ಹೋಗಿದ್ದರು. ನಮ್ಮಲ್ಲಿ ವೀಳ್ಯ ಹಿಡಿದರೆ ಒಪ್ಪಿದಂತೆ. ನಂತರ ಯಳಂದೂರಿನವರು ಅದೇ ದಿನಕ್ಕೆ ಬಂದು ಕೈಗೆ ಅಡ್ವಾನ್ಸ್ ಇಟ್ಟರು. ವ್ಯಾಪಾರವೆಂದರೆ ದುಡ್ಡಿಗೆ ಬೆಲೆ, ಎಲೆ ಅಡಿಕೆಗಲ್ಲ ಎಂದುಕೊಂಡೆ. ಬೆಳಿಗ್ಗೆ ಯಳಂದೂರಿನಲ್ಲಿ ಗೃಹಪ್ರವೇಶ ಮುಗಿಸಿ ಮಧ್ಯಾಹ್ನ ಬಂಡಳ್ಳಿ ಸೇರಿದರಾಯಿತು ಎಂದು ಇಬ್ಬರಿಗೂ ಹೂಂ ಎಂದೆ. ಬಸ್ಸು ದಾರಿಯಲ್ಲಿ ಕೆಟ್ಟಿತು. ನಾವು ಬಂಡಳ್ಳಿಗೆ ಹೋಗುವಾಗ ಚಪ್ಪರದಲ್ಲಿ ಚಾಪೆ ಸುತ್ತುತ್ತಿದ್ದರು.

ಯಜಮಾನರು ಎಲ್ಲರ ಎದುರಿಗೆ, "ಏನ್ಲಾ ನಿಂಗ, ನಮ್ಮೂರ್ನ ಬಸ್ ಸ್ಟಾಪು ಅನ್ಕಂಡಾ? ಜನ ಕೈ ಅಡ್ಡ ಇಟ್ಕಂಡು ನಿಂತಿರ್ಲಿ, ನೀ ಬಂದಾಗ ಬಾ!" ಎಂದರು.

ನಾನು ಬಸ್ಸಿನ ಮೇಲೆ ತಪ್ಪು ಹೊರಿಸುತ್ತಿದ್ದೆ. ರಾಜಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, "ತಪ್ಪಾಯ್ತು ಕಣಪ್ಪ. ಚಾಪೆ ಆಸಿ. ನಾಳೆ ಒತ್ತು ಮುಳ್ಗೋಗಂಟ ಹಾಡ್ತೀವಿ, ಇಲ್ಲೇ ಇರ್ತೀವಿ" ಎಂದಳು. ಹಾಗೆಯೇ ಮಾಡಿದೆವು. ಅವಳನ್ನು ಆ ಊರಿನವರು ಎಷ್ಟು ಮೆಚ್ಚಿಕೊಂಡರೆಂದರೆ, ಮುಂದೆ ಆ ಯಜಮಾನರ ಮಗನಿಗೇ ಮದುವೆ ಮಾಡಿ ತಂದುಕೊಂಡರು. ವೀಳ್ಯ ಮೊದಲೋ ಅಡ್ವಾನ್ಸ್ ಮೊದಲೋ ಎಂದು ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟೆ: ಯಾವುದು ಮೊದಲು ಬಂತೋ ಅದು ಮೊದಲು.

ಎರಡನೆಯದು ಕಾಗದದ ತಪ್ಪು. ಕ್ಯಾಸೆಟ್ಟಿನ ಕಾಲದ ಕೊನೆಯಲ್ಲಿ ಮೈಸೂರಿನ ಒಂದು ಕಂಪನಿಯವರು ಕರೆದು ಕೆಲವು ಹಾಡು ಹಾಡಿಸಿಕೊಂಡು ಇಂಗ್ಲಿಷಿನ ಕರಾರು ಪತ್ರಕ್ಕೆ ಸಹಿ ಕೇಳಿದರು. ನಾನು ನಿಧಾನಕ್ಕೆ ಪುಟ ತಿರುವಿ, ಓದಿದವನ ಹಾಗೆ ಅಲ್ಲಲ್ಲಿ ತಲೆಯಾಡಿಸಿ, ಸಹಿ ಹಾಕಿದೆ. ವರ್ಷಗಳಾದ ಮೇಲೆ ಅದೇ ಹಾಡುಗಳನ್ನು ಯೂಟ್ಯೂಬಿಗೆ ಹಾಕಿದಾಗ ಹಕ್ಕು ತಮ್ಮದೆಂದು ಆ ಕಂಪನಿಯಿಂದ ದೂರು ಬಂತು. ಯೂಟ್ಯೂಬಿನವರು ತೆಗೆದುಬಿಟ್ಟರು. ಓದಲು ಬಾರದ್ದು ತಪ್ಪಲ್ಲ, ಓದಿದಂತೆ ನಟಿಸಿದ್ದು ತಪ್ಪು. ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವರಿಗೆ ಕೊಟ್ಟಿದ್ದರೆ ಓದಿ ಹೇಳುತ್ತಿದ್ದರು.

ಕೆಲಸ ಕಲಿಯುತ್ತ ಹೋದೆ. ತಂಬೂರಿಗೆ ಬೇರೆ ಮೈಕು ಬೇಕೆಂದು ಸೌಂಡಿನವರಿಗೆ ಮೊದಲೇ ಹೇಳುವುದು, ಹಾಡುವವರಿಗೆ ಹಾಡುವ ಮುಂಚೆ ಅರ್ಧ ಊಟ, ಆಮೇಲೆ ಪೂರ್ತಿ ಊಟ ಹಾಕಿಸುವುದು, ಕುರ್ಚಿ ಕೊಟ್ಟರೆ ಬೇಡವೆಂದು ಚಾಪೆ ಕೇಳುವುದು. ಇದಿಷ್ಟರಲ್ಲಿ ನಾನು ಗಟ್ಟಿಯಾಗಿದ್ದೆ. ಹನೂರಿನ ಒಂದು ಕಾರ್ಯಕ್ರಮದಲ್ಲಿ ಮಾತ್ರ ನನ್ನ ಮುಖ ಕೆಟ್ಟಿತು. ಮುಂದಿನದ್ದೆಲ್ಲ ಅಲ್ಲಿಂದ ಹುಟ್ಟಿತು.

ಅಲ್ಲೊಂದು ಕಟ್ಟಡದ ಉದ್ಘಾಟನೆ. ಗಣ್ಯರು ಬರುವ ತನಕ ಜನರನ್ನು ಕೂರಿಸಿಕೊಂಡಿರಲು ನಮ್ಮನ್ನು ಕರೆಸಿದ್ದರು. ಉಸ್ತುವಾರಿಯ ಸಾಹೇಬರು ನನಗೆ, "ಕಾರು ಬಂದ ತಕ್ಷಣ ಸ್ಟಾಪ್. ಗೊತ್ತಾಯ್ತಾ?" ಎಂದಿದ್ದರು. "ಆಯ್ತು ಸಾ" ಎಂದೆ.

ಸಿದ್ದ ಹಾಡುತ್ತಿದ್ದದ್ದು ಒಂದು ಹೆಣ್ಣು ಕೊಡ ಹಿಡಿದು ಕೆರೆಗೆ ನೀರಿಗೆ ಹೋಗುವ ಪ್ರಸಂಗ. ಅವಳು ಕೆರೆ ತಲುಪುವ ಹೊತ್ತಿಗೆ ಕಾರು ಬಂತು. ನಾನು ಟವೆಲ್ ಬೀಸಿದೆ. ಸಿದ್ದ ನಿಲ್ಲಿಸಿದ. ರಾಜಮ್ಮ ನಿಲ್ಲಿಸಲಿಲ್ಲ. ಸೊಲ್ಲು ಕೊಟ್ಟಳು. ಸಾಲು ಬರದಿದ್ದಾಗ ಮತ್ತೊಮ್ಮೆ ಕೊಟ್ಟಳು. ಸಾಹೇಬರು ನನ್ನ ಕಡೆ ಕಣ್ಣು ಬಿಟ್ಟರು. ನಾನು ಬಗ್ಗಿಕೊಂಡು ಹಿಂದಿನಿಂದ ಹೋಗಿ, "ನಿಲ್ಸಮ್ಮಿ, ಕಾರು ಬಂತು" ಎಂದೆ.

"ಕಾರು ಬಂದ್ರೆ ಇಳೀಲಿ" ಎಂದಳು. "ನೀರ್ಗೋದ ಹೆಣ್ಣು ಇನ್ನೂ ಮನೆಗ್ ಬಂದಿಲ್ಲ. ಅವಳ್ನ ಕೆರೆತಾವ್ಲೇ ಬುಟ್ಬುಟ್ಟು ಎದ್ದೋಯ್ತೀಯಾ ಅಣ್ಣ?"

ಅವಳ ಬಾಯಿಯ ಹತ್ತಿರವೇ ಮೈಕಿತ್ತು. ಜನ ಗೊಳ್ಳೆಂದರು. ಅದು ಅಪ್ಪನ ಕಟ್ಟಳೆ: ಕತೆಯಲ್ಲಿ ಯಾರನ್ನಾದರೂ ಮನೆಯಿಂದ ಹೊರಗೆ ಕಳಿಸಿದರೆ, ಮನೆಗೆ ಕರೆತರದೆ ಮಂಗಳ ಹಾಡಬಾರದು. ಸಿದ್ದ ನಗುತ್ತ ತಂಬೂರಿ ಎತ್ತಿಕೊಂಡ. ರಾಜಮ್ಮ ಒಂದೊಂದೇ ಕೇಳುತ್ತ ಹೋದಳು: ಯಾಕೆ ತಡವಾಯಿತು, ಕೊಡ ಯಾರು ಎತ್ತಿಕೊಟ್ಟರು, ದಾರಿಯಲ್ಲಿ ಏನು ಸಿಕ್ಕಿತು. ಒಂದೊಂದು ಪ್ರಶ್ನೆಗೆ ಸಿದ್ದ ಒಂದಷ್ಟು ಸಾಲು ಹಾಡಿ, ಆ ಹೆಣ್ಣನ್ನು ಹೊಸ್ತಿಲು ದಾಟಿಸಿ, ಮಂಗಳ ಹೇಳಿದ. ಗಣ್ಯರು ನಿಂತೇ ಕೇಳಿ ಚಪ್ಪಾಳೆ ತಟ್ಟಿದರು. ಸಾಹೇಬರು ಮಾತ್ರ ಊಟದ ಹೊತ್ತಿಗೆ ನನ್ನ ಹತ್ತಿರ ಬಂದು, "ತಂಗಿಯನ್ನೇ ಹಿಡಿತದಲ್ಲಿ ಇಟ್ಟುಕೊಳ್ಳಲಾಗದವನು ನೀನೇನಯ್ಯ ಮ್ಯಾನೇಜರು?" ಎಂದರು.

ಆ ಮಾತು ನನ್ನೊಳಗೆ ಕೂತಿತು. ಗಂಟಲಿಲ್ಲದ ನನ್ನನ್ನು ಅಪ್ಪ ಎಬ್ಬಿಸಿ ಕಳಿಸಿದ್ದರೂ ವ್ಯವಹಾರದಲ್ಲಾದರೂ ನಾನು ಮುಂದೆ ಕೂತಿದ್ದೆ. ಅಲ್ಲೂ ಅವಳ ಮಾತೇ ನಡೆಯಿತಲ್ಲ ಎಂದು ಉರಿಯಿತು. ಮುಂದೆ ಮಾಡಿದ್ದಕ್ಕೆ ವ್ಯಾಪಾರವೇ ಕಾರಣ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಅರ್ಧ ಕಾರಣ ಈ ಉರಿ.

ಫೋನಿನಲ್ಲಿ ಹಾಡು ಕೇಳುವ ಕಾಲ ಬಂತು. ಕೊಳ್ಳೇಗಾಲದಲ್ಲಿ ರಘು ಎನ್ನುವವರು ಒಂದು ಮಹಡಿಯ ಮೇಲೆ ಸ್ಟುಡಿಯೋ ಮಾಡಿದ್ದರು. ಸಿದ್ದ, ರಾಜಮ್ಮ ಇಬ್ಬರೂ ಹೋಗಿ ನೀರಿಗೆ ಹೋಗುವ ಪ್ರಸಂಗವನ್ನು ಉದ್ದಕ್ಕೆ ಹಾಡಿದರು. ಅವರು ಊರಿಗೆ ಹೋದ ಮೇಲೆ ರಘು ನನ್ನನ್ನು ಕೂರಿಸಿಕೊಂಡು, "ಅಣ್ಣ, ನಿಮ್ಮ ತಮ್ಮನ ದನಿ ಬಂಗಾರ. ಆದರೆ ಪ್ರತಿ ಸಾಲಿಗೂ ಅದೇ ರಿಪೀಟು ಬಂದ್ರೆ ಈಗಿನೋರು ಹಾಡನ್ನ ಮುಂದಕ್ಕೆ ಓಡಿಸ್ಬುಡ್ತಾರೆ. ಮಧ್ಯೆ ಮಧ್ಯೆ 'ಹೂಂ' ಬೇರೆ" ಎಂದರು.

"ತೆಗುದ್ರೆ?" ಎಂದೆ.

"ನೀವು ಹೇಳಿ, ತೆಗೀತೀನಿ."

ನಾನು ಹೇಳಿದೆ. ಅವರು ರಾಜಮ್ಮನ ದನಿ ಬರುವ ಜಾಗಗಳನ್ನೆಲ್ಲ ಕತ್ತರಿಸಿ, ಸಿದ್ದನ ಸಾಲಿಗೆ ಸಾಲು ಅಂಟಿಸಿ, ಕೆಳಗೆ ಕೀಬೋರ್ಡು, ತಾಳದ ಪ್ಯಾಡು ಹಾಕಿದರು. ಹೆಣ್ಣು ಕೆರೆಯಲ್ಲಿ ಕೊಡ ಮುಳುಗಿಸುವ ಸಾಲಿಗೆ ಹಾಡು ಮುಗಿಸಿದರು. ಅಲ್ಲಿ ನಿಲ್ಲಿಸಿದರೆ ಜನ ಮತ್ತೆ ಮತ್ತೆ ಕೇಳುತ್ತಾರೆ ಎಂದರು. ಮಿಕ್ಕದ್ದು ಕಂಪ್ಯೂಟರಿನಲ್ಲಿ ಜಾಗ ಹಿಡಿಯುತ್ತದೆ, ಇಟ್ಟುಕೊಳ್ಳಲೇ ಎಂದು ಕೇಳಿದರು. "ಬ್ಯಾಡದ್ದು ಅಳಿಸ್ಬುಡಿ" ಎಂದೆ. ರಘು ಮೇಲೆ ನನ್ನ ದೂರಿಲ್ಲ. ಅವರು ಕೇಳಿ ಮಾಡಿದರು.

ಆಮೇಲೆ ಎರಡು ಸುಳ್ಳು ಹೇಳಿದೆ. ಬಂಡಳ್ಳಿಗೆ ಹೋಗಿ ತಂಗಿಗೆ, "ನಿನ್ನ ಗಂಟ್ಲು ಈಗೀಗ ಒಡೀತಾ ಅದಂತೆ ಕಣಮ್ಮಿ. ಮೈಕಿಗೆ ಕೂರಲ್ಲ ಅಂದ್ರು ಸ್ಟುಡಿಯೋದವ್ರು" ಎಂದೆ. ತಮ್ಮನಿಗೆ, "ರಾಜಮ್ಮನ ಮನೇಲಿ ಇನ್ನು ಕಳ್ಸಲ್ವಂತೆ" ಎಂದೆ. ಇಬ್ಬರೂ ನಂಬಿದರು. ದೊಡ್ಡಣ್ಣ ಹೇಳಿದ್ದನ್ನು ಪರೀಕ್ಷೆ ಮಾಡುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ಒಬ್ಬರಿಗೊಬ್ಬರು ಮುಜುಗರಪಟ್ಟುಕೊಂಡು ಆ ವಿಷಯ ಎತ್ತಲೇ ಇಲ್ಲ.

ಹಾಡು ಓಡಿತು. ಬ್ಯಾನರಿನಲ್ಲಿ ತಮ್ಮನ ಹೆಸರನ್ನು "ತಂಬೂರಿ ಸಿದ್ದು" ಎಂದು ಮಾಡಿದೆ. ಕಾಲೇಜಿನವರು, ಗಣೇಶನ ಕೂರಿಸುವವರು, ಅಂಗಡಿ ಓಪನಿಂಗಿನವರು ಕರೆದರು. ಎಲ್ಲ ಕಡೆಯೂ ಅದೇ ಹಾಡು, ರೆಕಾರ್ಡು ಮಾಡಿಟ್ಟ ಅದೇ ವಾದ್ಯದ ಟ್ರ್ಯಾಕು. ಪೆನ್‌ಡ್ರೈವ್ ಒಂದು ಜೇಬಿನಲ್ಲಿದ್ದರೆ ಸಾಕು. ಹಿಮ್ಮೇಳಕ್ಕೆ ಬಸ್ ಚಾರ್ಜಿಲ್ಲ, ಊಟವಿಲ್ಲ, ಎದುರು ಮಾತಿಲ್ಲ. ವ್ಯವಹಾರ ಎಂದರೆ ಹೀಗಿರಬೇಕು ಎಂದುಕೊಂಡೆ. ಉದ್ದದ ಕತೆಗೆ ಕರೆಯುವ ಹಳ್ಳಿಗಳಿಗೆ ಡೇಟಿಲ್ಲ ಎಂದು ನಾನೇ ಹೇಳಿ ಕಳಿಸುತ್ತಿದ್ದೆ. ಸಿದ್ದ ಮೊದಮೊದಲು, "ಅಣ್ಣ, ಪೂರ್ತಿ ಕತೆ ಹಾಡಿ ಯಾವ ಕಾಲ ಆಯ್ತು" ಎನ್ನುತ್ತಿದ್ದ. ಆಮೇಲೆ ಹೇಳುವುದನ್ನು ಬಿಟ್ಟ.

ಯಳಂದೂರಿನ ಒಂದು ಕಾಲೇಜಿನಲ್ಲಿ ಅವನು ಹಾಡುತ್ತಿದ್ದಾಗ ಕರೆಂಟು ಹೋಯಿತು. ಟ್ರ್ಯಾಕು ನಿಂತಿತು. ಮಕ್ಕಳು, "ಹಂಗೇ ಹಾಡಣ್ಣ, ನಿಮ್ಮ ತಂಬೂರಿಗೆ ಕರೆಂಟ್ ಯಾಕೆ?" ಎಂದು ಕೂಗಿದರು. ಸರಿಯಾದ ಮಾತೇ. ಸಿದ್ದ ತಂಬೂರಿ ಮೀಟಿ ಒಂದು ಸಾಲು ಹಾಡಿ ನಿಲ್ಲಿಸಿದ. ಸೊಲ್ಲಿಗೆ ಕಾಯುವವನಂತೆ ಹಿಂದಕ್ಕೆ ತಿರುಗಿದ. ಅಲ್ಲಿ ಖಾಲಿ ಕುರ್ಚಿಗಳಿದ್ದವು. ಇನ್ನೊಂದು ಸಾಲು ಹಿಡಿದ; ಹಿಂದಿನದೇ ಬಂತು. ಕೆರೆಯವರೆಗೆ ಹೇಗೋ ಹೋದ. ಕೊಡ ಮುಳುಗಿತು. ಮುಂದಕ್ಕೆ ಏನೂ ಬರಲಿಲ್ಲ. ಗಂಟಲು ಕಟ್ಟಿದೆ ಎಂದು ಕೈ ಮುಗಿದು ಇಳಿದುಬಿಟ್ಟ.

ಬರುವಾಗ ಆಟೋದಲ್ಲಿ ತಂಬೂರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ: "ಅಣ್ಣ, ಮರ್ತಿಲ್ಲ ಅನ್ಕಂಡಿದ್ದೆ. ಅವಳು ಸೊಲ್ಲು ಕೊಡೋ ಒತ್ನಲ್ಲೇ ನಂಗೆ ಮುಂದಿನ್ ಸಾಲು ಬರ್ತಿದ್ದುದು. ಅವಳು ಕೇಳುದ್ರೆ ತಾನೇ ನಾ ಹೇಳದು. ಈಗ ಕೇಳೋರೇ ಇಲ್ಲ."

ನಾನು ರಿಪೀಟು ಎಂದು ತೆಗೆಸಿದ್ದು ಅವನ ಉಸಿರಿನ ಜಾಗವನ್ನು, ನೆನಪಿನ ಜಾಗವನ್ನು. ಇಷ್ಟು ವರ್ಷ ಅದೇ ಹಾಡಿಕೆಯ ಚೀಲ ಹೊತ್ತವನಿಗೆ ಅದು ಗೊತ್ತಿರಲಿಲ್ಲ.

ಅದೇ ತಿಂಗಳು ಹೂಗ್ಯಂನಿಂದ ಒಬ್ಬರು ಬಂದರು. ಕಾಡಂಚಿನ ಮನೆಯವರು. ತೀರಿಕೊಂಡ ತಮ್ಮ ತಂದೆ ನಮ್ಮ ಅಪ್ಪನ ಕತೆ ಕೇಳಿದವರಂತೆ. ಆ ತಂದೆಯ ಹೆಸರಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕತೆಯನ್ನು ಪೂರ್ತಿ ಹಾಡಿಸಬೇಕು ಎಂದರು. "ಟ್ರ್ಯಾಕು ಗೀಕು ಬ್ಯಾಡ ಕಣಣ್ಣ. ನಮ್ಮಪ್ಪ ಕೇಳ್ದಂಗೆ ಇರ್ಬೇಕು" ಎಂದು ವೀಳ್ಯ ಮುಂದೆ ಚಾಚಿದರು. ನಾನು ಡೇಟಿಲ್ಲ ಎನ್ನಲು ಬಾಯಿ ತೆರೆದೆ. ಸಿದ್ದ ಕೈ ನೀಡಿ ವೀಳ್ಯ ತೆಗೆದುಕೊಂಡುಬಿಟ್ಟ.

ಮರುದಿನ ಬಂಡಳ್ಳಿಗೆ ಒಬ್ಬನೇ ಹೋದೆ. ರಾಜಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಒಂದಷ್ಟು ಸುಲಿದೆ. ಆಮೇಲೆ ಎರಡು ಸುಳ್ಳನ್ನೂ ಹೇಳಿದೆ. ಹನೂರಿನ ಉರಿಯನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಳನ್ನು ಕೈಯಲ್ಲೇ ಹಿಡಿದುಕೊಂಡು, "ಅಂದ್ರೆ ನನ್ ಗಂಟ್ಲು ಚೆನ್ನಾಗೇ ಇತ್ತಾ?" ಎಂದಳು.

"ಇತ್ತು ಕಣವ್ವ."

"ಮಗಳ ಕೂಸ ಮಲಗ್ಸಕ್ಕೂ ನಾನು ಹಾಡ್ನಿಲ್ವಲ್ಲ ಅಣ್ಣ. ಒಡುದ್ ಗಂಟ್ಲು, ಕೂಸು ಬೆಚ್ಚೀತು ಅಂತ ಸುಮ್ಗೆ ತಟ್ಟಿ ಮಲಗಿಸ್ದೆ."

ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ, "ಆ ಹಾಡು ಹಾಕು, ಕೇಳಾನ" ಎಂದಳು. ತನ್ನ ದನಿಯಿಲ್ಲದ ಹಾಡನ್ನು ಅವಳು ಅಲ್ಲಿಯವರೆಗೆ ಒಂದು ಸಲವೂ ಪೂರ್ತಿ ಕೇಳಿರಲಿಲ್ಲ. ಫೋನಿನಲ್ಲಿ ಹಾಕಿದೆ. ಸಿದ್ದನ ಮೊದಲ ಸಾಲು ಮುಗಿಯುತ್ತಿದ್ದಂತೆ ಅವಳ ಬಾಯಿ ತಾನಾಗಿ ತೆರೆಯಿತು. ಅಷ್ಟರಲ್ಲಿ ಎರಡನೆಯ ಸಾಲು ಬಂದುಬಿಟ್ಟಿತು. ಇನ್ನೊಮ್ಮೆ ತೆರೆದಳು, ಮೂರನೆಯದು ಬಂತು. ಫೋನನ್ನು ನನ್ನ ಕಡೆಗೆ ತಳ್ಳಿದಳು.

"ಇಂವ ಉಸ್ರು ಎಲ್ಲಿ ಬುಡ್ತಾನೆ ಅಣ್ಣ? ನೀ ಕೇಳ್ನಿಲ್ವಾ ಅದ?"

ಸಂಜೆ ಸಿದ್ದನಿಗೂ ಎಲ್ಲ ಹೇಳಿದೆ. ಹೂಗ್ಯಂಗೆ ಅವಳು ಬಂದಳು. ನನಗಾಗಿ ಅಲ್ಲ, ವೀಳ್ಯ ಹಿಡಿದಾಗಿದೆ ಎನ್ನುವುದಕ್ಕೆ. ಚಾಪೆಯ ಮೇಲೆ ಮೊದಲಿನ ಜಾಗದಲ್ಲೇ ಕೂತಳು. ಸಿದ್ದ ಒಂದು ಸಾಲು ಹೇಳಿದ, ಅವಳು ಸೊಲ್ಲು ಕೊಟ್ಟಳು. ಮೊದಮೊದಲು ಇಬ್ಬರೂ ತಡವರಿಸಿದರು. ಮಧ್ಯಾಹ್ನದ ಹೊತ್ತಿಗೆ ಕತೆ ತಾನಾಗಿ ನಡೆಯತೊಡಗಿತು. ನಾನು ಹೋಯಿತು ಎಂದುಕೊಂಡಿದ್ದ ಎಷ್ಟೋ ಭಾಗ ಅವಳ ಒಂದೊಂದು "ಆಮೇಲೆ?"ಗೆ ಎದ್ದು ಬಂತು.

ಸಂಜೆಗೆ ಮುಂಚೆ ಆ ಹೆಣ್ಣು ಕೆರೆಗೆ ಹೋದಳು. ಕೊಡ ಮುಳುಗಿಸಿದಳು. ಸಿದ್ದ ಇಷ್ಟು ವರ್ಷ ಹಾಡಿ ನಿಲ್ಲಿಸಿದ ಜಾಗ ಅದು. ರಾಜಮ್ಮ ಕೇಳಿದಳು: "ಯಾಕೆ ತಡ ಆಯ್ತು?" ಸಿದ್ದ ತಂಬೂರಿ ಮೀಟಿದ. ಅವಳು ಮುಂದಿನದನ್ನು ಕೇಳಿದಳು: "ಕೊಡ ಯಾರು ಎತ್ಕೊಟ್ರು?" ತಂಬೂರಿ ಮಾತ್ರ. ಪ್ರಶ್ನೆಗಳು ಅವಳಲ್ಲಿದ್ದವು. ಉತ್ತರಗಳು ಅವನಲ್ಲಿ ಇರಲಿಲ್ಲ. ಕೊನೆಗೆ ಅವನು, ಹೆಣ್ಣು ಮನೆಗೆ ಬಂದಳು ಎಂದು ಒಂದೇ ಸಾಲಿನಲ್ಲಿ ಹೇಳಿ ಮಂಗಳಕ್ಕೆ ಹೋದ. ಹೊತ್ತು ಮುಳುಗುತ್ತಿತ್ತು, ಮಂಗಳ ಹಾಡದೆ ಏಳುವಂತಿರಲಿಲ್ಲ.

ಆ ಮನೆಯ ಅಜ್ಜಿಯೊಬ್ಬರು ಪ್ರಸಾದ ಕೊಡುವಾಗ ಸಿದ್ದನ ಕೈ ಹಿಡಿದುಕೊಂಡು ಕೇಳಿದರು: "ಚೆಂದಾಗಿ ಹಾಡ್ದೆ ಮಗ. ಆ ಹೆಣ್ಣು ಬರೋ ದಾರಿ ಒಂದಿತ್ತಲ್ಲ ಕಣಪ್ಪ, ನಿಮ್ಮಪ್ಪ ಹಾಡೋನು. ಎಲ್ಲೋಯ್ತು ಅದು?"

ಸಿದ್ದ ತಲೆ ತಗ್ಗಿಸಿದ. ನಾನು ಅಲ್ಲೇ ತಂಬೂರಿಗೆ ಬಟ್ಟೆ ಸುತ್ತುತ್ತಿದ್ದೆ. "ಅದು ನನ್ನಿಂದ ಹೋಯ್ತು ಅವ್ವ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೇ ಎಲ್ಲೋ ಇಟ್ಟು ಮರೆತಿದ್ದೇನೆ ಎಂದುಕೊಂಡರೋ ಏನೋ, "ಮನೇಲಿ ಇನ್ನೊಂದ್ಸಲ ಹುಡುಕ್ಕಪ್ಪ" ಎಂದರು.

ಆಮೇಲೆ ಫೋನನ್ನು ಸಿದ್ದನ ಕೈಗೆ ಕೊಟ್ಟೆ. ಈಗ ಡೇಟು ಕೊಡುವುದು ಅವರಿಬ್ಬರೇ, ಒಬ್ಬರನ್ನೊಬ್ಬರು ಕೇಳಿಕೊಂಡು. ಹೊಸಬರಿಗೆ ನಾನು ಹೇಳುವುದು ಒಂದೇ. ಏನನ್ನಾದರೂ ತೆಗೆಯುವ ಮುಂಚೆ, ಅದು ಏನು ಕೆಲಸ ಮಾಡುತ್ತಿದೆ ಎಂದು ಹಾಡುವವರನ್ನೇ ಕೇಳಿ. ಸ್ಟುಡಿಯೋದವರನ್ನಲ್ಲ, ನಿಮ್ಮ ಸಿಟ್ಟನ್ನಂತೂ ಅಲ್ಲ. ತೆಗೆದರೂ ಅಳಿಸಬೇಡಿ.

ಬಿಡುವಿದ್ದ ಮಧ್ಯಾಹ್ನ ಸಿದ್ದ ಬಂಡಳ್ಳಿಗೆ ಹೋಗುತ್ತಾನೆ. ನಾನೂ ಜೊತೆಗೆ ಹೋಗುತ್ತೇನೆ. ಬರಬೇಡ ಎಂದು ಇಬ್ಬರೂ ಹೇಳಿಲ್ಲ. ಅಂಗಳದಲ್ಲಿ ಕೂತು ಹಾಡುತ್ತಾರೆ. ಕೆರೆಯ ಹತ್ತಿರ ಬಂದಾಗ ರಾಜಮ್ಮ ಪ್ರಶ್ನೆಗಳನ್ನು ಕ್ರಮವಾಗಿ ಕೇಳುತ್ತಾಳೆ. ಸಿದ್ದ ಕಣ್ಣು ಮುಚ್ಚಿ ತಂಬೂರಿ ಮೀಟುತ್ತ ಕಾಯುತ್ತಾನೆ. ಹೊಸದಾಗಿ ಸಾಲು ಕಟ್ಟಿ ಹಾಡಬಹುದು, ಅವನಿಗೆ ಬರುತ್ತದೆ, ಆದರೆ ಕಟ್ಟುವುದಿಲ್ಲ. ಹೋದ ಸಲ ನಾನು ಮುಂದಕ್ಕೆ ಬಗ್ಗಿ ಅವನ ಬಾಯನ್ನೇ ನೋಡುತ್ತಿದ್ದೆನಂತೆ. ರಾಜಮ್ಮ ಸೊಲ್ಲಿನ ಧಾಟಿಯಲ್ಲೇ, ನನ್ನ ಕಡೆ ತಿರುಗದೆ, "ದೊಡ್ಡಣ್ಣಯ್ಯ, ನೀನೆದ್ದು ಎಮ್ಮೆಗೆ ನೀರಿಡೋ" ಎಂದು ಹಾಡಿದಳು. ಸಿದ್ದ ಕಣ್ಣು ಮುಚ್ಚಿಕೊಂಡೇ ನಕ್ಕ.

ನಾನು ಎದ್ದು ಬಕೆಟ್ಟು ಹಿಡಿದು ಕೊಟ್ಟಿಗೆಯ ಕಡೆ ಹೋದೆ. ಹಿಂದೆ ಅವಳು ಮತ್ತೆ ಕೇಳುತ್ತಿದ್ದಳು: "ಕೊಡ ಯಾರು ಎತ್ಕೊಟ್ರು?"